ಪತ್ತನಾಜೆವರೆಗೆ ಕತ್ತರಿ ಬೇಡ

ಪಡೀಲಿನಲ್ಲಿ ಈಗ ಬೆವರು ಆರುವುದೇ ಇಲ್ಲ. ಅಂಗಳದ ದಾಸವಾಳ ಮಧ್ಯಾಹ್ನಕ್ಕೆಲ್ಲ ಎಲೆ ಜೋಲು ಹಾಕುತ್ತದೆ. ಕೇಪುಳ ಮಾತ್ರ ಪಗ್ಗು ತಿಂಗಳ ಬಿಸಿಲಿಗೇ ಕಾದಿತ್ತೋ ಎಂಬಂತೆ ಗೊಂಚಲು ಗೊಂಚಲಾಗಿ ಕೆಂಪು ಕಾರುತ್ತಿದೆ.

ನರ್ಸರಿಯಲ್ಲಿ ‘ಎಕ್ಸೋರಾ’ ಕೇಳಿದರೆ ಮೊಣಕಾಲೆತ್ತರದ ಕುಳ್ಳ ತಳಿ ಕೊಡುತ್ತಾರೆ. ಅಂಚಿಗೆ ನೆಡಲು ಅದೂ ಚೆನ್ನ. ನನ್ನ ಮನಸ್ಸು ಮಾತ್ರ ನಮ್ಮ ಪದವಿನ ಕಾಡು ಕೇಪುಳದ ಕಡೆಗೇ. 17ನೇ ಶತಮಾನದ ‘ಹೊರ್ತುಸ್ ಮಲಬಾರಿಕುಸ್’ನಲ್ಲಿ ಅದು ‘ಚೆತ್ತಿ’ಯಾಗಿ ಸೇರಿತು, 1753ರಲ್ಲಿ ಲಿನ್ನೇಯಸ್ ‘ಇಕ್ಸೋರಾ ಕಾಕ್ಸಿನಿಯಾ’ ಎಂದು ಕರೆದ. ಕಾಫಿಯ ಕುಟುಂಬದ್ದೇ ಗಿಡ.

ಒಂದು ಹೂ ಕಿತ್ತು ನೋಡಿ. ಕೊಳವೆ ಇಂಚಿಗೂ ಮಿಕ್ಕಿ ಉದ್ದ, ಹುಲ್ಲುಕಡ್ಡಿಗಿಂತ ಸಪೂರ. ಮಕರಂದ ಅದರ ತಳದಲ್ಲಿ. ಚಿಕ್ಕವರಿದ್ದಾಗ ನಾವು ನಡುವಿನ ಎಳೆ ಎಳೆದು ಚೀಪಿದ್ದು ಅದನ್ನೇ. ಜೇನ್ನೊಣದ ನಾಲಿಗೆ ಅಷ್ಟು ಆಳಕ್ಕೆ ಇಳಿಯದು, ಚಿಟ್ಟೆಯದು ಇಳಿಯುತ್ತದೆ. ಮೊಗ್ಗು ಬಿರಿಯುವ ಮೊದಲೇ ಕೇಸರಗಳು ತಮ್ಮ ಪರಾಗವನ್ನು ಆ ಎಳೆಗೆ ಸವರಿರುತ್ತವೆ. ಅರಳಿದಾಗ ಎಳೆ ಹೊರಚಾಚಿ ಚಿಟ್ಟೆಯ ಮುಖಕ್ಕೆ ಹುಡಿ ಹಚ್ಚುತ್ತದೆ. ಆಮೇಲೆ ಅದರ ತುದಿಯೇ ಎರಡಾಗಿ ಸೀಳಿ ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಇಷ್ಟು ಸಣ್ಣ ಹೂವಿನಲ್ಲಿ ಇಷ್ಟೊಂದು ಹೊಂದಾಣಿಕೆ! ಎಷ್ಟು ಬೇಸಗೆ ನೋಡಿದರೂ ನನಗಿದು ಹಳತಾಗಿಲ್ಲ.

ನನ್ನ ಮೊದಲ ಗಿಡವನ್ನು ಹೊಸ ಕಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟಿದ್ದೆ. ಒಂದೇ ವರ್ಷದಲ್ಲಿ ಎಳೆಯ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಗೊಬ್ಬರ ಸಾಲದೆಂದು ಸೆಗಣಿ ಸುರಿದೆ, ಏನೂ ಆಗಲಿಲ್ಲ. ಕೊರತೆ ಕಬ್ಬಿಣದ್ದು. ಕೇಪುಳಕ್ಕೆ ಹುಳಿ ಮಣ್ಣೇ ಬೇಕು, ಸಿಮೆಂಟಿನ ಸುಣ್ಣ ಬೆರೆತರೆ ಮಣ್ಣಿನಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಗಿಡವನ್ನು ಗೋಡೆಯಿಂದ ದೂರ ಸರಿಸಿ, ಗುಂಡಿಗೆ ಮುರಕಲ್ಲಿನ ಹುಡಿ, ಕೊಳೆತ ತರಗೆಲೆ ತುಂಬಿದೆ. ಎರಡನೇ ಮಳೆಗಾಲಕ್ಕೆ ಹಸಿರು ಮರಳಿತು. ತುಳುವಿನಲ್ಲಿ ‘ಪಡೀಲ್’ ಎಂದರೆ ಬೀಳುಬಿಟ್ಟ ನೆಲ. ಬೀಳು ಬಿದ್ದ ಆ ಕೆಂಪು ಮಣ್ಣೇ ಇದಕ್ಕೆ ಹಿತ. ಗುಡ್ಡ ಕಡಿದು ಸೈಟು ಮಾಡುವಲ್ಲಿ ಬೇರು ಮೇಲಾಗಿ ಬಿದ್ದ ಕೇಪುಳ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸವರುವುದು ಯಾವಾಗ? ಹೂ ಬರುವುದು ಗೆಲ್ಲಿನ ತುದಿಯಲ್ಲಿ, ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಕತ್ತರಿಸಿದರೆ ಮೊಗ್ಗೇ ಹೋದಂತೆ. ಬೇಸ್ಯ ತಿಂಗಳ ಹತ್ತು, ಪತ್ತನಾಜೆ, ನನ್ನ ಲೆಕ್ಕದ ಗಡುವು. ಅಲ್ಲಿಯವರೆಗೆ ಕೋಲ, ನೇಮ. ದೈವಕ್ಕೆ ಕೇಪುಳ ಬೇಕು, ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು. ಪತ್ತನಾಜೆಗೆ ದೈವದ ಗೆಜ್ಜೆ ಬಿಚ್ಚಿದ ಮೇಲೆ ಮೂರರಲ್ಲೊಂದು ಪಾಲು ಸವರುತ್ತೇನೆ. ಕತ್ತರಿಸಿದವುಗಳಲ್ಲಿ ಪೂರ್ತಿ ಬಲಿಯದ, ಗೇಣುದ್ದದ ಗೆಲ್ಲುಗಳನ್ನು ಆರಿಸಿ, ಕೆಳಗಿನ ಎಲೆ ತೆಗೆದು ನೆರಳಲ್ಲಿ ಊರುತ್ತೇನೆ. ಮುಂದಿನ ಕೆಲಸ ಜೂನ್ ಮಳೆಯದು. ಈ ಸಲ ಹನ್ನೆರಡು ಊರುವ ಯೋಚನೆ. ಅದರಲ್ಲಿ ನಾಲ್ಕು ಈಗಲೇ ನೆರೆಮನೆಗೆ ಮಾತಾಗಿವೆ.