ಕುಂಡದಲ್ಲಿ ಕಾಳುಮೆಣಸು

ಕಾಳುಮೆಣಸು ಅಂದರೆ ಅಡಿಕೆ ಮರವನ್ನೋ ಹಾಲುವಾಣವನ್ನೋ ಅಪ್ಪಿ ಏರುವ ಬಳ್ಳಿ. ಅದೇ ಮೆಣಸು ಕಿಟಕಿ ಪಕ್ಕದ ಕುಂಡದಲ್ಲಿ ಮೊಣಕಾಲೆತ್ತರದ ಪೊದೆಯಾಗಿ ನಿಂತು ಕಾಯಿ ಬಿಡುವುದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಗುಟ್ಟೆಲ್ಲ ಇರುವುದು ಕಡ್ಡಿ ಆರಿಸುವುದರಲ್ಲಿ. ಮೇಲೇರುವ ಕುಡಿಯನ್ನು ನೆಟ್ಟರೆ ಬಳ್ಳಿಯೇ ಆಗುತ್ತದೆ. ಫಸಲು ಕೊಡುವ ಅಡ್ಡರೆಂಬೆಗೆ ಬೇರು ಬರಿಸಿ ನೆಟ್ಟರೆ ಹತ್ತುವ ಗುಣವೇ ಇರುವುದಿಲ್ಲ. ಹರಡಿಕೊಂಡು ಬೇಗ ಹೂಬಿಡುತ್ತದೆ. ಆದರೆ ಈ ರೆಂಬೆ ಬೇರು ಬಿಡುವುದು ನಿಧಾನ. ಹಾಗಾಗಿ ಬ್ರೆಜಿಲ್ ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುವುದೂ ಉಂಟು. ಅದರ ಬೇರು ಸೊರಗು ರೋಗಕ್ಕೆ ಬಗ್ಗುವುದಿಲ್ಲ, ನೀರು ಮಾತ್ರ ತಪ್ಪಬಾರದು. ಬೆಳಕು ಚೆನ್ನಾಗಿ ಬೀಳುವ ಜಾಗವಿದ್ದರೆ, ಕೇರಳದಲ್ಲಿ 1971ರಲ್ಲಿ ಬಿಡುಗಡೆಯಾದ ಪಣಿಯೂರು-1 ನನ್ನ ಮೊದಲ ಆಯ್ಕೆ.

ಎಲೆಯ ಎದುರಿಗೇ ಎಳೆ ಗೊಂಚಲು ಜೋತುಬೀಳುತ್ತದೆ. ಹೂಗಳು ಎಷ್ಟು ಸಣ್ಣವೆಂದರೆ ಕಣ್ಣು ಕಿರಿದು ಮಾಡಿ ನೋಡಬೇಕು. ತೋಟದಲ್ಲಿ ಪರಾಗ ಹರಡಲು ಜಿನುಗು ಮಳೆ ನೆರವಾಗುತ್ತದೆ. ಮನೆಯೊಳಗೆ ಆ ಕೆಲಸ ನಮ್ಮದು, ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತೆಂದೇ ಲೆಕ್ಕ. ಒಣಗಿಸಲು ಕಾಯಬೇಕಿಲ್ಲ, ಹಸಿಗಾಳನ್ನೇ ಜಜ್ಜಿ ಸಾರಿಗೆ ಹಾಕಿ.