ಅಮೃತಮತಿಯ ದೋಷವಿಚಾರ

ಈಗ ಹಳೇಬೀಡೆಂದು ಕರೆಯಲ್ಪಡುವ ದೋರಸಮುದ್ರದಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿಯಾಗಿದ್ದ ಕವಿಚಕ್ರವರ್ತಿ ಜನ್ನನು 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದನು. ರಾಣಿ ಅಮೃತಮತಿಯು ಪತಿಯನ್ನು ಬಿಟ್ಟು ವಿಕಾರರೂಪಿಯಾದ ಮಾವುತನಲ್ಲಿ ಆಸಕ್ತಳಾದ ವೃತ್ತಾಂತವು ವಾಚಕರಿಗೆ ಸುಪರಿಚಿತವಾದುದು. ಆಕೆಯ ವಿಷಯದಲ್ಲಿ ವಿಮರ್ಶಕರು ಎರಡು ಪಕ್ಷವಾಗಿರುವರು. ಒಂದು ಪಕ್ಷದವರು ಆಕೆಯನ್ನು ಕುಲಟೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಮತ್ತೊಂದು ಪಕ್ಷದವರು ಪ್ರೇಮಕ್ಕೆ ಕಟ್ಟುಂಟೆ ಎಂದು ಕೇಳಿ ಆಕೆಯನ್ನು ನಿರ್ದೋಷಿಯೆನ್ನುತ್ತಾರೆ. ಈ ತೀರ್ಪುಗಳು ಯಾವ ಪ್ರಮಾಣದಿಂದ ಹೊರಟವೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾವ್ಯವು ತನ್ನ ಪ್ರಮಾಣವನ್ನು ತಾನೇ ಹೇಳಿಕೊಂಡಿದೆ. ಯಶೋಧರನು ಬಲಿಕೊಟ್ಟುದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೂ ಅವನೂ ಅವನ ತಾಯಿ ಚಂದ್ರಮತಿಯೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಬೇಕಾಯಿತು. ಕೊಲ್ಲಬೇಕೆಂಬ ಸಂಕಲ್ಪವೇ ಕೊಲೆಯೆಂಬುದು ಇದರ ತಾತ್ಪರ್ಯ. ಪ್ರಮಾದದಿಂದ ಕೂಡಿದ ಮನೋವ್ಯಾಪಾರವನ್ನು ಹಿಂಸೆಯ ಲಕ್ಷಣದಲ್ಲಿಯೇ ಸೇರಿಸಿದ ತತ್ತ್ವಾರ್ಥಸೂತ್ರಕ್ಕೆ ಇದು ಅನುಗುಣವಾಗಿದೆ. ಕಾಮದ ವಿಷಯದಲ್ಲಿಯೂ ಆ ಸೂತ್ರವು ತೀವ್ರಾಭಿನಿವೇಶವನ್ನು ವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ.

ಕ್ರೈಸ್ತಧರ್ಮದ ಪ್ರಮಾಣವೂ ಇದಕ್ಕೆ ದೂರವಾದುದಲ್ಲ. ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚು ಹಾಕಿಸಿ, 1894ರಲ್ಲಿ ಮಹಾನಿಘಂಟುವನ್ನು ಕೊಟ್ಟ ಕಿಟ್ಟೆಲ್ಲರು ಆ ಮತದ ಪಾದ್ರಿಗಳೇ ಆದುದರಿಂದ, ಹಳಗನ್ನಡದ ವಿದ್ಯಾರ್ಥಿಗೆ ಆ ದೃಷ್ಟಿಯು ತೀರ ಹೊರಗಿನದೆನ್ನುವಂತಿಲ್ಲ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸುವು ಪರಸ್ತ್ರೀಯನ್ನು ಕಾಮದಿಂದ ನೋಡಿದವನು ಹೃದಯದಲ್ಲಿ ಆಗಲೇ ವ್ಯಭಿಚಾರ ಮಾಡಿದವನಾದನೆಂದು ಬೋಧಿಸುತ್ತಾನೆ. ಸಂತ ಆಗಸ್ಟೀನನು ರೋಮಿನ ಲುಕ್ರೇಶಿಯಳ ಕಥೆಯನ್ನು ವಿಚಾರಿಸುತ್ತ, ಮನಸ್ಸಿನ ಒಪ್ಪಿಗೆಯಿಲ್ಲದೆ ದೇಹಕ್ಕೆ ಒದಗಿದ ಬಲಾತ್ಕಾರದಿಂದ ಶೀಲವು ಕೆಡುವುದಿಲ್ಲವೆಂದು ನಿರ್ಣಯಿಸಿದ್ದಾನೆ. ಹೀಗೆ ಜೈನರಿಗೂ ಕ್ರೈಸ್ತರಿಗೂ ದೋಷದ ನೆಲೆ ಮನಸ್ಸೇ. ಭೇದವಿರುವುದು ಪರಿಹಾರದಲ್ಲಿ. ಯೋಹಾನನ ಸುವಾರ್ತೆಯಲ್ಲಿ ಕಲ್ಲೇಟಿಗೆ ಗುರಿಯಾಗಬೇಕಾಗಿದ್ದ ವ್ಯಭಿಚಾರಿಣಿಗೆ ಕ್ಷಮೆಯೂ ಎಚ್ಚರಿಕೆಯೂ ಕೂಡಿಯೇ ದೊರೆಯುತ್ತವೆ. ಜೈನಮತದಲ್ಲಿ ಹಾಗೆ ಕ್ಷಮಿಸುವ ಒಡೆಯನಿಲ್ಲ. ವ್ರತದಿಂದಲೂ ತಪಸ್ಸಿನಿಂದಲೂ ಕರ್ಮವನ್ನು ಜೀವವು ತಾನೇ ಸವೆಯಿಸಬೇಕು.

ಮೂರನೆಯದು ಮತನಿರಪೇಕ್ಷವಾದ ಲೌಕಿಕ ನ್ಯಾಯ. ಅದು ಮನಸ್ಸಿನ ಪಾಪವನ್ನು ದಂಡಿಸುವುದಿಲ್ಲ; ಸಮ್ಮತಿ, ಹಾನಿ ಇವೆರಡನ್ನೇ ನೋಡಬೇಕಾದುದು ಅದರ ಧರ್ಮ. ಆದರೆ 1860ರ ಭಾರತ ದಂಡಸಂಹಿತೆಯ 497ನೆಯ ಕಲಮು ಇದನ್ನು ಸರಿಯಾಗಿ ಪಾಲಿಸಲಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಅವನ ಹೆಂಡತಿಯನ್ನು ಕೂಡಿದ ಪುರುಷನಿಗೆ ಅದು ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿತ್ತು, ಹೆಂಡತಿಗೆ ಶಿಕ್ಷೆಯಿರಲಿಲ್ಲ. ದೂರು ಕೊಡಬಲ್ಲ ನೊಂದವನು ಗಂಡನೊಬ್ಬನೇ. ಸ್ತ್ರೀಯನ್ನು ಗಂಡನ ಸೊತ್ತಿನಂತೆ ಎಣಿಸುವ ಈ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದು ರದ್ದುಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಈ ಅಪರಾಧಕ್ಕೆ ಎಡೆಯಿಲ್ಲ. ವಿವಾಹವಿಚ್ಛೇದನಕ್ಕೆ ಮಾತ್ರ ಅದು ಇಂದಿಗೂ ಕಾರಣವಾಗಬಲ್ಲುದು.

ಈಗ ಅಮೃತಮತಿಯ ಕಡೆಗೆ ಬರೋಣ. ಪತಿಗೂ ಅತ್ತೆಗೂ ವಿಷವಿಕ್ಕಿದುದು ಮೂರು ಪ್ರಮಾಣಗಳಿಂದಲೂ ಘೋರಾಪರಾಧವೇ. ಆಕೆಯನ್ನು ನಿರ್ದೋಷಿಯೆನ್ನುವವರು ಈ ವಿಷವನ್ನು ಮರೆತು ಮಾತನಾಡುತ್ತಾರೆ. ಆದರೆ ಆಕೆಯ ಕಾಮವೊಂದನ್ನೇ ಕಾವ್ಯದ ಪಾಪವೆಂದು ಪಾಠ ಹೇಳುವವರು ಅದಕ್ಕಿಂತ ದೊಡ್ಡ ವಿಷಯವನ್ನು ಮರೆಯುತ್ತಾರೆ. ಆಕೆಯನ್ನು ಹಿಂಬಾಲಿಸಿ ಹೋದ ರಾಜನು ಕತ್ತಿಯನ್ನು ಎತ್ತಿ ತಡೆದುಕೊಂಡನು. ಮರುದಿನ ನೆಯ್ದಿಲ ಹೂವಿನಿಂದ ಹೊಡೆದು ಚುಚ್ಚುಮಾತನ್ನಾಡಿದನು. ತಾಯಿಯೆದುರಿಗೆ ಕನಸಿನ ನೆವವನ್ನು ಹೂಡಿದನು. ಸಂಕಲ್ಪವೇ ಪ್ರಮಾಣವಾದಲ್ಲಿ ಎತ್ತಿದ ಆ ಕತ್ತಿಯೂ ಲೆಕ್ಕಕ್ಕೆ ಬರಬೇಕು. ಬಲಿಯ ಮೂಲವು ಆ ಕನಸಿನ ಸುಳ್ಳಿನಲ್ಲಿದೆಯೆಂಬುದನ್ನು ಕವಿಯು ಮರೆಮಾಡಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮಾರಿದತ್ತನಿಗೆ ಈ ಕಥೆಯನ್ನು ಹೇಳುವವನು ಅಭಯರುಚಿ. ಅವನು ಯಶೋಧರನ ಜೀವವೇ. ಎಂದರೆ ದೂರುಗಾರನೇ ಇಲ್ಲಿ ಕಥೆಗಾರ. ಹಳೆಯ ದಂಡಸಂಹಿತೆಯಲ್ಲಿ ಗಂಡನಿಗೆ ಮಾತ್ರವಿದ್ದ ಬಾಯಿ ಕಾವ್ಯದಲ್ಲಿಯೂ ಅವನಿಗೇ ದೊರೆತಿದೆ. ಹಾಗಿದ್ದರೂ ರೂಪವನ್ನು ಕಾಣುವ ಮೊದಲೇ ಗಾನವನ್ನು ಕೇಳಿ ಆಕೆ ಮನಸೋತಳೆಂಬುದನ್ನೂ, ರೂಪವನ್ನು ಹಳಿದ ಕೆಳದಿಗೆ ಆಕೆ ಕೊಟ್ಟ ಉತ್ತರವನ್ನೂ ಜನ್ನನು ಉಳಿಸಿಕೊಟ್ಟಿದ್ದಾನೆ. ಇದು ಮಹಾಕವಿಯ ನ್ಯಾಯಬುದ್ಧಿ. ಆದರೆ ವಿಷವಿಕ್ಕಿದ ಮೇಲೆ ಆಕೆಯ ಅಂತರಂಗವು ನಮಗೆ ಕೇಳಿಸುವುದಿಲ್ಲ. ರಾಜನ ಜೀವವು ಜನ್ಮಾಂತರಗಳ ಕೊನೆಯಲ್ಲಿ ಧರ್ಮೋಪದೇಶವನ್ನು ಕೇಳಿ ಮೇಲೇರುವುದು. ರಾಣಿಗೆ ಉಳಿಯುವುದು ರೋಗವೂ ನರಕವೂ ಮಾತ್ರ. ಪಶ್ಚಾತ್ತಾಪಕ್ಕೆ ಎಡೆಯನ್ನು ಕೊಟ್ಟು ಆಮೇಲೆ ದಂಡಿಸಿದ್ದರೆ ಕಾವ್ಯದ ಪ್ರಮಾಣವು ಇಬ್ಬರಿಗೂ ಸಮನಾಗುತ್ತಿತ್ತು.

ಆದುದರಿಂದ ಉಪಾಧ್ಯಾಯರು ಈ ಕಾವ್ಯವನ್ನು ಸ್ತ್ರೀಚಾಂಚಲ್ಯದ ದೃಷ್ಟಾಂತವಾಗಿ ಬೋಧಿಸುವುದು ಯುಕ್ತವಲ್ಲ. ಇದರ ವಸ್ತು ಸಂಕಲ್ಪಹಿಂಸೆ; ರಾಣಿಯ ಕಾಮವು ಅದಕ್ಕೆ ಬಾಗಿಲು. ಬಾಗಿಲಲ್ಲೇ ನಿಂತು ತೀರ್ಪು ಹೇಳುವವರಿಗೆ ಒಳಗಿರುವ ಹಿಟ್ಟಿನ ಕೋಳಿಯ ಕೂಗು ಕೇಳಿಸಲಾರದು.