ಗೆದ್ದಾಂವ ಒಬ್ಬ, ಕತಿ ಹೇಳಾಂವ ಇನ್ನೊಬ್ಬ

‘ಜಿಮ್ ಥಾರ್ಪ್: ಆಲ್ ಅಮೆರಿಕನ್’ ಅಂತ 1951ರ ಒಂದು ಹಾಲಿವುಡ್ ಸಿನಿಮಾ. ‘ಕಾಸಾಬ್ಲಾಂಕಾ’ ಮಾಡಿದ ಮೈಕೆಲ್ ಕರ್ಟಿಜ್ ನಿರ್ದೇಶಕ, ಬರ್ಟ್ ಲ್ಯಾಂಕಾಸ್ಟರ್ ನಾಯಕ. ಬುಡಕಟ್ಟಿನ ಹುಡುಗ ಓಡುತ್ತಾನೆ, ಗೆಲ್ಲುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ. ನೋಡಿಸಿಕೊಂಡು ಹೋಗತೈತಿ, ಸುಳ್ಳು ಹೇಳೂದಿಲ್ಲ. ನನ್ನ ತಕರಾರು ಒಂದೇ: ಕತೆ ಥಾರ್ಪನದು, ಅದನ್ನು ಹೇಳುವವನು ಮಾತ್ರ ಅವನ ಕೋಚ್ ಪಾಪ್ ವಾರ್ನರ್.

ಥಾರ್ಪ್ ಆಡಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಗೆ. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಮಿಲಿಟರಿ ಅಧಿಕಾರಿ ಹಳೆಯ ಸೇನಾ ಬ್ಯಾರಕ್‌ಗಳಲ್ಲಿ ಇದನ್ನು ಶುರು ಮಾಡಿದ. ಬುಡಕಟ್ಟಿನ ಮಕ್ಕಳನ್ನು ಸಾವಿರಾರು ಮೈಲಿ ದೂರದಿಂದ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿನುಡಿ ಮಾತಾಡಿದರೆ ಶಿಕ್ಷೆ ಕೊಡುತ್ತಿದ್ದರು. ಎಷ್ಟೋ ಮಕ್ಕಳು ರೋಗ ಬಂದು ಅಲ್ಲೇ ಸತ್ತರು; ಶಾಲೆಯ ಸ್ಮಶಾನ ಇವತ್ತಿಗೂ ಇದೆ.

ಇಂಥ ಶಾಲೆಯ ತಂಡ 1912ರಲ್ಲಿ 14 ಪಂದ್ಯ ಆಡಿ 12 ಗೆದ್ದಿತು. ಒಂದು ಸೋಲು, ಒಂದು ಡ್ರಾ. (ಇದು ನಾವು ಕಾಲಲ್ಲಿ ಒದೆಯುವ ಫುಟ್ಬಾಲ್ ಅಲ್ರೀ, ಮೊಟ್ಟೆಯಾಕಾರದ ಚೆಂಡು ಕೈಯಾಗ ಹಿಡಕೊಂಡು ಓಡೋ ಅಮೆರಿಕನ್ ಆಟ.) ಅದೇ ಬೇಸಿಗೆಯಲ್ಲಿ ಥಾರ್ಪ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದು ಬಂದಿದ್ದ. ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಎದುರಾಳಿ ಅಮೆರಿಕದ ಸೈನಿಕ ಅಕಾಡೆಮಿ. ವೂಂಡೆಡ್ ನೀ ಹತ್ಯಾಕಾಂಡ ನಡೆದು ಬರೀ 22 ವರ್ಷ ಆಗಿತ್ತು. ಯಾರ ಸೈನ್ಯ ಇವರ ಹಿರಿಯರನ್ನು ಕೊಂದಿತ್ತೋ ಅದೇ ಸೈನ್ಯದ ಮುಂದಿನ ಅಧಿಕಾರಿಗಳನ್ನು ಇವರು 27-6ರಿಂದ ಸೋಲಿಸಿದರು. ಸೋತವರಲ್ಲಿ ಒಬ್ಬ ಡ್ವೈಟ್ ಐಸೆನ್‌ಹೋವರ್, ಮುಂದೆ ಅಮೆರಿಕದ ಅಧ್ಯಕ್ಷ.

ಸಿನಿಮಾದಲ್ಲಿ ವಾರ್ನರ್ ತಂದೆಯಂಥ ಮನುಷ್ಯ. ಖರೇ ಹಕೀಕತ್ತು ಬೇರೆ. ಹಿಂದೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಎಂಬ ಕಾರಣಕ್ಕೆ 1913ರಲ್ಲಿ ಥಾರ್ಪ್‌ನ ಪದಕ ಕಿತ್ತುಕೊಂಡಾಗ, ತನಗೇನೂ ಗೊತ್ತಿರಲಿಲ್ಲ ಅಂತ ವಾರ್ನರ್ ಕೈತೊಳಕೊಂಡ. 1914ರ ಸಂಸದೀಯ ವಿಚಾರಣೆಯಲ್ಲಿ ಅವನ ಬೈಗುಳ, ದುಡ್ಡಿನ ವ್ಯವಹಾರದ ಬಗ್ಗೆ ಸ್ವತಃ ಆಟಗಾರರೇ ಸಾಕ್ಷಿ ಹೇಳಿದರು. 1918ರಲ್ಲಿ ಶಾಲೆ ಮುಚ್ಚಿತು. ಇಂಥವನ ಬಾಯಲ್ಲಿ ಕತೆ ಹೇಳಿಸಿದರೆ ಗೆಲುವು ಶಾಲೆಯ ಜಮಾ ಆಗುತ್ತದೆ, ಸೋಲು ಹುಡುಗನ ಹಣೆಬರಹಕ್ಕೆ ಹೋಗುತ್ತದೆ.

ಇದು ನನಗೆ ದೂರದ ಕತೆ ಅನ್ನಿಸಲಿಲ್ಲ. ಮುಂಬೈ ಪ್ರಾಂತದ ಧಾರವಾಡದಲ್ಲಿ ಮರಾಠಿಯ ಮುಂದೆ ಕನ್ನಡ ತಲೆತಗ್ಗಿಸಬಾರದು ಅಂತ 1890ರಲ್ಲೇ ವಿದ್ಯಾವರ್ಧಕ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಆದರೂ ಅಣ್ಣಿಗೇರಿಯ ಕನ್ನಡ ಶಾಲೆಯಿಂದ ಇಂಗ್ಲಿಷ್ ಮೀಡಿಯಮ್ಮಿಗೆ ಹೋದಾಗ, ಕನ್ನಡ ಮಾತಾಡಿದ್ದಕ್ಕೆ ನಾನು ಐದು ರೂಪಾಯಿ ದಂಡ ಕಟ್ಟೀನಿ. ಕಾರ್ಲೈಲ್‌ನ ಕ್ರೌರ್ಯಕ್ಕೆ ಇದನ್ನು ಹೋಲಿಸುವುದು ತಪ್ಪು. ನಮ್ಮನ್ನು ಅಪ್ಪ-ಅವ್ವನೇ ಕಳಿಸಿದ್ದರು, ಸಂಜೀಕ ಮನೀಗೆ ಬರತಿದ್ವಿ. ಆದರೆ ಅಲ್ಲಿಂದ ಹೊರಬಿದ್ದು ಇವತ್ತು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ನವಲಗುಂದ, ಕುಂದಗೋಳ, ಕಲಘಟಗಿಯ ಹುಡುಗರಿಗೆ ‘ನೋಡು, ಆ ಸಾಲಿಯಿಂದನ ನೀ ಉದ್ಧಾರ ಆದಿ’ ಅನ್ನುವ ಮಾತು ಗೊತ್ತಿದೆ. ಸಾಲಿಯಿಂದ ಆತೋ, ಸಾಲಿ ಇದ್ದರೂ ಆತೋ? ಸಿನಿಮಾ ಈ ಪ್ರಶ್ನೆ ಕೇಳುವುದೇ ಇಲ್ಲ.

ಅದನ್ನು ಕೇಳುವುದು ಸ್ಯಾಲಿ ಜೆಂಕಿನ್ಸ್ ಅವರ ‘ದಿ ರಿಯಲ್ ಆಲ್ ಅಮೆರಿಕನ್ಸ್’ (2007). ತಂಡದ ಜೊತೆಗೆ ಶಾಲೆಯ, ಸೈನ್ಯದ ಚರಿತ್ರೆಯೂ ಅದರಲ್ಲಿದೆ. ಮೊದಲು ಸಿನಿಮಾ ನೋಡ್ರಿ, ಲ್ಯಾಂಕಾಸ್ಟರ್ ಓಡೋದು ನೋಡಾಕ ಚೊಲೊ ಐತಿ. ಆಮೇಲೆ ಪುಸ್ತಕ ಓದ್ರಿ. ಒಂದು ವಿಷಯ ಎರಡರಲ್ಲೂ ಸಿಗುವುದಿಲ್ಲ: 1912ರ ಆ ಎರಡೂ ಸ್ಪರ್ಧೆಗಳಿಗೆ ಥಾರ್ಪ್ ಒಬ್ಬನೇ ವಿಜೇತ ಅಂತ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2022ರಲ್ಲಿ. ಅವನು ಸತ್ತದ್ದು 1953ರಲ್ಲಿ.